ಬೆಳ್ಳಿ ಬಟ್ಟಲು ಮುಟ್ಟದವರು

ತನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವಳ ಕಾರಿಗೆ ರೀಮಿ ಲವಾಲೆ ಜೀವ ಕೊಡುತ್ತಿದ್ದ.

ತನ್ನ ಪಿಕಪ್ಪನ್ನು ಅವಳ ಕಾರಿನ ಮೂತಿಗೆ ಮೂತಿ ತಾಗುವಂತೆ ನಿಲ್ಲಿಸಿ, ಬ್ಯಾಟರಿಯಿಂದ ಬ್ಯಾಟರಿಗೆ ಕೇಬಲ್ ಸಿಕ್ಕಿಸಿ, "ಈಗ ಕೀ ತಿರುಗಿಸಿ ಮೇಡಂ" ಎಂದ. ಕಾರು ಎರಡು ಸಲ ಕೆಮ್ಮಿ ಎಚ್ಚರವಾಯಿತು. ರೀಮಿ ಬಾನೆಟ್ ಮುಚ್ಚಿ, ಅವಳು ಕೇಳದಿದ್ದರೂ ಮುಂದಿನ ಗಾಜಿನ ಮೇಲೆ ಹೆಪ್ಪುಗಟ್ಟಿದ್ದ ಹಿಮವನ್ನೂ ಕೆರೆದು ತೆಗೆದ.

ಇಷ್ಟು ಒಳ್ಳೆಯವನನ್ನು ಹಿಡಿದುಕೊಡಬೇಕಲ್ಲ ಎಂದು ಇರೀನ್ ಕೊಸ್ತಿಯುಕ್‌ಗೆ ರೇಗಿತು.

ಏಪ್ರಿಲ್ ಬಂದರೂ ಟ್ಯಾಮರಾಕ್ ಊರಿನ ಬೀದಿಗಳು ಹಗಲು ಕೆಸರು, ರಾತ್ರಿ ಕಲ್ಲು. ಆ ಜಾರುವ ನೆಲದ ಮೇಲೆ ರೀಮಿ ತನ್ನ ಗಾಡಿಯವರೆಗೆ ನೆಟ್ಟಗೆ ನಡೆದು ಹೋದ. ಅವಳು ಕನ್ನಡಿಯಲ್ಲಿ ನೋಡುತ್ತಿದ್ದಾಳೆಂದು ಹೊಳೆದ ಕೂಡಲೇ ಅವನ ಎಡಗಾಲಿಗೆ ಕುಂಟುವುದು ನೆನಪಾಯಿತು.

ಕಂಡದ್ದು ಕಂಡಿತು. ಆದರೆ ಕಾಲು ಕುಂಟಲಿಲ್ಲ ಎಂದು ವರದಿಯಲ್ಲಿ ಬರೆದರೆ ಯಾರು ಒಪ್ಪುತ್ತಾರೆ?

ನವೆಂಬರಿನಲ್ಲಿ ಐಸ್ ಹಾಕಿ ಆಡುತ್ತಾ ಮಂಜಿನ ಅಂಗಳದಲ್ಲಿ ಬಿದ್ದು ರೀಮಿಯ ಮಂಡಿ ತಿರುಚಿಕೊಂಡಿತ್ತು. ಲೀಗಿನ ನಿಯಮದಂತೆ ಪ್ರತಿ ತಂಡವೂ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಒಂದು ಮಿತಿಯಿದೆ. ಗಾಯಗೊಂಡು ಕೂತವನ ಸಂಬಳ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಟ್ಯಾಮರಾಕ್ ಬ್ಯಾಜರ್ಸ್ ತಂಡ ಅವನ ಸಂಬಳ ಬಿಟ್ಟ ಜಾಗದಲ್ಲಿ ಇಬ್ಬರು ಹೊಸ ಹುಡುಗರನ್ನು ತಂದು, ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ ತಲುಪಿತು. ಫೈನಲ್‌ಗೆ ಸಂಬಳದ ಮಿತಿ ಇಲ್ಲ. ನಿಯಮ ಬರೆದವರು ಬಿಟ್ಟುಹೋದ ಕಿಂಡಿ ಅದು. ಮಂಡಿ ಯಾವತ್ತೋ ವಾಸಿಯಾಗಿದೆ, ರೀಮಿಯನ್ನು ಮನೆಯಲ್ಲಿ ಬಚ್ಚಿಟ್ಟು ಫೈನಲ್‌ಗೆ ಹೊರಗೆ ಬಿಡುತ್ತಾರೆ ಎಂದು ಎದುರಾಳಿ ತಂಡವೊಂದು ಎರಡು ವಾರದ ಹಿಂದೆಯೇ ದೂರು ಕೊಟ್ಟಿತ್ತು.

ಅದು ನಿಜವೋ ಸುಳ್ಳೋ ಎಂದು ಇರೀನ್ ನಾಳೆ ಮಧ್ಯಾಹ್ನದೊಳಗೆ ಲೀಗಿನ ಅಧ್ಯಕ್ಷರಿಗೆ ಹೇಳಬೇಕಿತ್ತು. ಜೀವನವೆಲ್ಲ ವಿಮಾ ಕಂಪನಿಗೆ ಸುಳ್ಳು ಬೆನ್ನುನೋವು, ಸುಳ್ಳು ಕತ್ತುನೋವು ಹಿಡಿದುಕೊಟ್ಟು ನಿವೃತ್ತಳಾದವಳು ಅವಳು. ಅಧ್ಯಕ್ಷ ವೆಂಡಲ್ ಬ್ಲೆಂಕಾರ್ನ್ ತಾನೇ ಫೋನ್ ಮಾಡಿ, ಈ ಕೆಲಸಕ್ಕೆ ನಿಮ್ಮ ವಯಸ್ಸಿನ ಅನುಭವವೇ ಬೇಕು ಎಂದಿದ್ದ.

ಅನುಭವ ಬಂದು ಈ ಊರಿನಲ್ಲಿ ಬರೀ ತಿನ್ನುತ್ತಿತ್ತು.

ಯಾರನ್ನು ಏನು ಕೇಳಿದರೂ ಮೊದಲು ತಟ್ಟೆ ಬರುತ್ತಿತ್ತು. ಚರ್ಚಿನ ಪಾದ್ರಿ ರೀಮಿಯ ಮಂಡಿಗಾಗಿ ಪ್ರಾರ್ಥಿಸುತ್ತಿದ್ದೇನೆ ಎಂದು ಹೇಳಿ ರೂಬಾರ್ಬ್ ಜಾಮಿನ ಬಾಟಲಿ ಕೊಟ್ಟ. ಮಾಂಸದಂಗಡಿಯವನು ಪಾಪದ ಹುಡುಗ ಎಂದು ನಿಟ್ಟುಸಿರು ಬಿಟ್ಟು ಸಾಸೇಜ್ ಕಟ್ಟಿಕೊಟ್ಟ. ಡಾಕ್ಟರಂತೂ, ಎಲುಬು ಕಾಣುವ ಯಂತ್ರ ಇದೆ, ನೋವು ಕಾಣುವ ಯಂತ್ರ ಇನ್ನೂ ಬಂದಿಲ್ಲ, ನೋಯುತ್ತೆ ಅಂದರೆ ನೋಯುತ್ತೆ ಎಂದು ಕೈ ತೊಳೆದುಕೊಂಡ. ಒಬ್ಬರಾದರೂ ಬೈದು ಬಾಗಿಲು ಹಾಕಿಕೊಂಡಿದ್ದರೆ ಇರೀನ್‌ಗೆ ಸಮಾಧಾನವಾಗುತ್ತಿತ್ತು.

ತಂಡದ ಮ್ಯಾನೇಜರ್ ಡ್ವೇನ್ ಸ್ಟೆನ್ಸ್‌ರುಡ್‌ನ ಕೋಣೆಗೆ ಅವಳು ಆ ಬೆಳಿಗ್ಗೆಯೇ, ಕಾರು ಕೈಕೊಡುವ ಮೊದಲು, ಇನ್ನೊಮ್ಮೆ ಹೋಗಿದ್ದಳು. ಅಗಲ ಮೈಯ, ಸದಾ ನಗುವ ಮನುಷ್ಯ. ತಪ್ಪು ಸಾಬೀತಾದರೆ ಏನೇನಾಗುತ್ತದೆಂದು ಇರೀನ್ ನಿಧಾನವಾಗಿ ಹೇಳಿದಳು: ತಂಡಕ್ಕೆ ದಂಡ, ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸುವ ಸರದಿ ರದ್ದು, ಮಂಡಿ ವಾಸಿಯಾದ ದಿನದಿಂದ ಗೆದ್ದ ಪಂದ್ಯಗಳೆಲ್ಲ ಸೋತಂತೆ. ಅಂದರೆ ಶನಿವಾರದ ಫೈನಲ್ ಇಲ್ಲ.

ಡ್ವೇನ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ.

"ಹೋದ ಸಲ ಹ್ಯಾರೋವೇಲ್‌ನೋರಿಗೆ ದಂಡ ಹಾಕಿದ್ರಲ್ಲ ಇರೀನ್, ಏನಾಯ್ತು ಹೇಳಿ? ಒಂದು ಸಂಜೆ ಸ್ಟೇಕ್ ಊಟ ಇಟ್ರು. ಊರೋರೆಲ್ಲ ದುಡ್ಡು ಕೊಟ್ಟು ತಿಂದು ದಂಡ ಕಟ್ಬಿಟ್ರು. ಉಳಿದಿದ್ರಲ್ಲಿ ಸ್ಕೋರ್‌ಬೋರ್ಡ್ ರಿಪೇರಿನೂ ಆಯ್ತು."

"ಆಟಗಾರನಿಗೆ ಏನಾಗುತ್ತೆ ಗೊತ್ತಾ? ಗೊತ್ತಿದ್ದೂ ಕೈಜೋಡಿಸಿದ್ರೆ ಎರಡು ವರ್ಷ ಹೊರಗೆ. ರೀಮಿಗೆ ಈಗ ಮೂವತ್ತೈದು. ಎರಡು ವರ್ಷ ಅಂದ್ರೆ ಅವನಿಗೆ ಮುಗೀತು ಅಂತ್ಲೇ ಲೆಕ್ಕ."

ಡ್ವೇನ್‌ನ ನಗು ಹೋಗಲಿಲ್ಲ, ಆದರೆ ಮೂಲೆಗಳಲ್ಲಿ ಸ್ವಲ್ಪ ಬಾಡಿತು. ಅವನ ಮಂಡಿ ಅವನದು, ಅದರೊಳಗೆ ಏನಿದೆಯೆಂದು ನನಗೇನು ಗೊತ್ತು ಎಂದ. ಬಿಸಿ ತಟ್ಟಿದರೆ ರೀಮಿಯ ಹೆಗಲಿಗೆ ದಾಟಿಸಿ ಇವನು ಪಾರಾಗುತ್ತಾನೆ ಎಂಬುದು ಇರೀನ್‌ಗೆ ಅಲ್ಲೇ ಸ್ಪಷ್ಟವಾಯಿತು. ಹೊರಡುವಾಗ ಡ್ವೇನ್ ಅವಳ ಕೋಟು ಹಿಡಿದು ತೊಡಿಸಿದ. ಅದಕ್ಕೂ ರೇಗಿತು.

ಕಾರು ಚಾಲೂ ಆದ ಮೇಲೆ ಅವಳು ನೇರ ಬಂದದ್ದು ಆರ್ಡಿತ್ ಫ್ರೀಸನ್‌ಳ ಕೆಫೆಗೆ. ಮಹಡಿಯ ಮೇಲೆ ಅವಳು ಬಾಡಿಗೆಗಿದ್ದ ಕೋಣೆ, ಕೆಳಗೆ ಊಟ. ಆರ್ಡಿತ್‌ಗೆ ಅವಳದೇ ವಯಸ್ಸು. ಎರಡನೇ ದಿನಕ್ಕೇ ಏಕವಚನಕ್ಕೆ ಇಳಿದಿದ್ದಳು.

"ಏನೇ, ಸಿಕ್ಕಿದ್ನಾ ಕಳ್ಳ?"

"ಊರೆಲ್ಲ ಸಿಕ್ತು. ಕಳ್ಳ ಒಬ್ಬ ಬಿಟ್ಟು."

"ಹಾಗಾದ್ರೆ ಪೆರೋಗಿ ತಿನ್ನು. ಹೊಟ್ಟೆ ತುಂಬಿದ್ರೆ ಕಣ್ಣು ಕಾಣುತ್ತೆ."

ಕೌಂಟರಿನ ಮೇಲೆ ಲೀಗಿನ ಪಶ್ಚಿಮ ವಿಭಾಗದ ವಿಜೇತರಿಗೆ ಕೊಡುವ ಬೆಳ್ಳಿ ಬಟ್ಟಲು ಕೂತಿತ್ತು. ಬ್ಯಾಜರ್ಸ್ ಭಾನುವಾರ ಗೆದ್ದದ್ದು. ಆರ್ಡಿತ್ ಅದರ ತುಂಬ ಪೆಪ್ಪರ್‌ಮಿಂಟ್ ಹಾಕಿಟ್ಟಿದ್ದಳು. ಬಂದವರೆಲ್ಲ ಅದಕ್ಕೆ ಕೈ ಹಾಕಿ, ಬೇಕಾದರೆ ಎತ್ತಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಶನಿವಾರದ ಫೈನಲ್‌ನಲ್ಲಿ ಪಣ ಇರುವವರು ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಆಡುವವರು, ಆಡಿಸುವವರು, ತಂಡಕ್ಕೆ ಹಣ ಹಾಕಿದವರು ಯಾರೂ. ದೊಡ್ಡ ಕಪ್ಪಿನ ಮೇಲೆ ಕಣ್ಣಿಟ್ಟವನು ತನ್ನ ತಂಡ ಗೆದ್ದ ಚಿಕ್ಕದನ್ನು ಮುಟ್ಟಿದರೆ ದೊಡ್ಡದು ಕೈಬಿಟ್ಟು ಹೋಗುತ್ತದೆ; ಈ ಸೀಮೆಯಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ತಂಡದೊಳಗೆ ಬಟ್ಟಲು ಗಾಯಗೊಂಡು ಕೂತವರ ಪಾಲಿನದು. ಆಡಲಾಗದವನು ಅದರಲ್ಲಿ ಒಂದು ಗುಟುಕು ಕುಡಿಯಬೇಕು. ಅದು ಅವನಿಗೆ ಸಲ್ಲುವ ಗೌರವ. ಮಣಿಕಟ್ಟು ಮುರಿದುಕೊಂಡು ವರ್ಷವಿಡೀ ಕೂತಿದ್ದ, ಗೋಲು ಕಾಯುವ ಕೆಲ್ವಿನ್ ಸೋಮವಾರ ಬಂದು ಅದರಲ್ಲಿ ಶುಂಠಿ ಸೋಡಾ ಕುಡಿದು, ಒಂದು ಕ್ಷಣ ಅತ್ತು ಹೋಗಿದ್ದ.

ಇರೀನ್ ಮೂರನೇ ಪೆರೋಗಿಗೆ, ಆಲೂಗಡ್ಡೆ ತುಂಬಿದ ಆ ಕಡುಬಿಗೆ, ಫೋರ್ಕ್ ಚುಚ್ಚುವಾಗ ಹಿಂಬಾಗಿಲಿನಿಂದ ರೀಮಿ ಬಂದ. ಹೆಗಲ ಮೇಲೆ ಹಿಟ್ಟಿನ ಮೂಟೆ. ಆರ್ಡಿತ್‌ಳ ಸೊಂಟ ಕೆಟ್ಟ ಮೇಲೆ ಅವಳ ಮೂಟೆಗಳೆಲ್ಲ ಅವನದೇ.

"ಅಲ್ಲೇ ಕೌಂಟರ್ ಮೇಲಿಡೋ. ಆ ಬಟ್ಟಲು ಆಚೆ ತಳ್ಳು."

ರೀಮಿ ನಿಂತ. ಮೂಟೆಯ ಭಾರ ಇನ್ನೊಂದು ಹೆಗಲಿಗೆ ಬದಲಾಯಿಸಿದ. ಆಮೇಲೆ ಮೇಜುಗಳ ನಡುವೆ ಸುತ್ತಿ ಬಳಸಿ, ಕುರ್ಚಿಯೊಂದನ್ನು ಮಂಡಿಯಿಂದಲೇ ಸರಿಸಿ, ಕೆಫೆಯ ಆ ಕೊನೆಗೆ ಹೋಗಿ ಮೂಟೆ ಇಳಿಸಿದ.

ಇರೀನ್ ಫೋರ್ಕ್ ಕೆಳಗಿಟ್ಟಳು.

ಎರಡು ವಾರ. ಎರಡು ವಾರದಿಂದ ಅವನ ಮಂಡಿಯನ್ನೇ ನೋಡುತ್ತಿದ್ದಳು. ಬಟ್ಟಲು ಬಂದ ಭಾನುವಾರದಿಂದಲೇ ಕೈ ನೋಡಬೇಕಿತ್ತು. ಕೆಲ್ವಿನ್ ಕುಡಿದ ಬಟ್ಟಲಿನಲ್ಲಿ ರೀಮಿ ಯಾಕೆ ಕುಡಿಯಲಿಲ್ಲ ಎಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳಬಾರದೆಂದು ಎಲ್ಲರಿಗೂ ಗೊತ್ತಿತ್ತು. ಈ ಮಣ್ಣಿನಲ್ಲೇ ಹುಟ್ಟಿದ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅಧ್ಯಕ್ಷರು ಇವತ್ತು ಮಧ್ಯಾಹ್ನ ಬರುತ್ತಾರೆ, ತಂಡದ ಹೆಸರು ಕೆತ್ತಿಸಲು ಬಟ್ಟಲು ಬೇಕಂತೆ, ನಾನೇ ಕೊಡುತ್ತೇನೆ ಎಂದು ಹೇಳಿ ಇರೀನ್ ಬಟ್ಟಲನ್ನು ಕೇಳಿದಳು. ಅದು ಸುಳ್ಳೇನಲ್ಲ. ಆರ್ಡಿತ್ ಪೆಪ್ಪರ್‌ಮಿಂಟುಗಳನ್ನು ಏಪ್ರನ್ನಿಗೆ ಸುರಿದುಕೊಂಡು, ಬಟ್ಟಲನ್ನು ಒರೆಸಿ, ಕಾಗದದ ಚೀಲಕ್ಕೆ ಹಾಕಿ ಕೊಟ್ಟಳು. ಕೊಡುವಾಗ ಅವಳ ಕೈ ಚೀಲದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

"ಅವ್ನು ಒಳ್ಳೇವ್ನು ಕಣೇ ಇರೀನ್."

"ಅದೇ ನನಗೆ ತಲೆನೋವಾಗಿರೋದು."

ಮಧ್ಯಾಹ್ನ ಮಂಜಿನ ಅಂಗಳ ಖಾಲಿಯಿತ್ತು. ಶಾಲೆ ಬಿಟ್ಟ ಮೇಲೆ ಚಿಕ್ಕ ಮಕ್ಕಳಿಗೆ ರೀಮಿ ಸ್ಕೇಟ್ ಕಟ್ಟಿಕೊಡುತ್ತಾನೆಂದು ಕೇಳಿದ್ದಳು. ಅವನು ಆಗಲೇ ಬಂದು, ಬೆಂಚಿನ ಮೇಲೆ ಕೂತು, ಯಾವುದೋ ಮಗುವಿನ ಹರಿದ ಲೇಸಿನ ತುದಿಗೆ ಟೇಪ್ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು, ತಣ್ಣಗಿನ ಹಲಗೆಯ ಮೇಲೆ ತನ್ನ ಜಾಕೆಟ್ ಮಡಿಸಿ ಹಾಸಿದ.

ಇರೀನ್ ಅದರ ಮೇಲೆ ಕೂರಲಿಲ್ಲ. ಚೀಲದಿಂದ ಬಟ್ಟಲು ತೆಗೆದು ಅವನ ಮುಂದೆ ಹಿಡಿದಳು.

"ಸ್ವಲ್ಪ ಹಿಡ್ಕೊ. ನನ್ನ ಕೈ ಸೋತಿದೆ."

ರೀಮಿಯ ಕೈ ಅಭ್ಯಾಸಬಲದಿಂದ ಮುಂದೆ ಬಂತು. ಬಂದದ್ದು ಗಾಳಿಯಲ್ಲೇ ನಿಂತು, ಹಿಂದೆ ಹೋಗಿ, ಮಗುವಿನ ಸ್ಕೇಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೆಂಚಿನ ಮೇಲಿಡಿ ಮೇಡಂ ಎಂದ. ಬೆಂಚು ಒದ್ದೆಯಿದೆ ಎಂದಳು ಇರೀನ್. ಜಾಕೆಟ್ ಮೇಲಿಡಿ ಎಂದ. ಜಾಕೆಟ್ಟೂ ಒದ್ದೆ ಎಂದಳು. ಇಬ್ಬರಿಗೂ ಅದು ಒಣಗಿದೆಯೆಂದು ಕಾಣುತ್ತಿತ್ತು.

"ಕೆಲ್ವಿನ್ ಕುಡ್ದ ಇದರಲ್ಲಿ. ನಿನ್ನದೂ ಪಾಲಿದೆಯಲ್ಲ."

"ನಂಗೆ ಬಾಯಾರಿಕೆ ಇಲ್ಲ."

ಇರೀನ್‌ಗೆ ತಾಳ್ಮೆ ತಪ್ಪಿತು. ಆದರೆ ದನಿ ಏರಿಸುವುದು ಅವಳಿಗೆ ಬರುತ್ತಿರಲಿಲ್ಲ. ಸಿಟ್ಟು ಬಂದಷ್ಟೂ ಅವಳ ಮಾತು ಮೆಲ್ಲಗಾಗುತ್ತಿತ್ತು.

"ನೋಡು ರೀಮಿ. ನನಗೂ ಸಾಕಾಗಿದೆ. ಇದನ್ನ ಒಂದು ಸಲ ಮುಟ್ಟಿಬಿಡು. ಬೆರಳು ತಾಗಿಸಿದ್ರೂ ಸಾಕು. ನಿನ್ನ ಮಂಡಿ ಮುಗಿದೇ ಹೋಗಿದೆ ಅಂತ ಬರ್ದು ನಾನು ಊರಿಗೆ ಹೋಗ್ತೀನಿ. ತಂಡಕ್ಕೂ ದಂಡ ಇಲ್ಲ, ನಿನಗೂ ಇಲ್ಲ."

ಅವನು ಅವಳ ಮುಖ ನೋಡಿದ. ಇವಳು ಆಡಿದಂತೆ ನಡೆಯುವವಳು ಎಂದು ಅವನಿಗೆ ಅನಿಸಿರಬೇಕು. ಸ್ಕೇಟನ್ನು ಕೆಳಗಿಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈ ಚಾಚಿದ.

ಬಟ್ಟಲಿನ ಅಂಚಿಗೆ ಒಂದು ಗೇಣಿನಷ್ಟು ಹತ್ತಿರ ಬಂದು ಆ ಕೈ ನಿಂತಿತು. ಬೆಳ್ಳಿಯ ಹೊಟ್ಟೆಯಲ್ಲಿ ಅವನ ಬೆರಳುಗಳ ನೆರಳು ಬಿದ್ದಿತ್ತು. ಲೀಗಿಗೆ, ಡಾಕ್ಟರಿಗೆ, ಪಾದ್ರಿಗೆ ಸುಳ್ಳು ಹೇಳಿದವನಿಗೆ ಈ ಒಂದು ಸುಳ್ಳು ಹೇಳಲಾಗಲಿಲ್ಲ.

"ಆಗಲ್ಲ ಮೇಡಂ" ಎಂದು ಕೈ ಇಳಿಸಿದ. "ಹದಿನಾರು ವರ್ಷದಿಂದ ಕಾಯ್ತಾ ಇದೀನಿ."

ಇರೀನ್ ಬಟ್ಟಲನ್ನು ಚೀಲಕ್ಕೆ ಹಾಕಿ, ಅವನು ಹಾಸಿದ ಜಾಕೆಟ್ಟಿನ ಮೇಲೆ ಕೂತಳು. ಗೆದ್ದಂತೆ ಅನಿಸಲಿಲ್ಲ. ನಾಯಿಮರಿಯನ್ನು ಹೆದರಿಸಿದಂತೆ ಅನಿಸಿತು.

ಆಮೇಲೆ ರೀಮಿ ಕೇಳದೆಯೇ ಹೇಳಿದ. ಜನವರಿಯಲ್ಲೇ ಮಂಡಿ ಸರಿಹೋಗಿತ್ತು. ಆಡುತ್ತೇನೆಂದು ಕೇಳಿದ್ದ. ಅವನು ಬಂದರೆ ಸಂಬಳದ ಲೆಕ್ಕ ಮಿತಿ ದಾಟುತ್ತದೆ. ಹೊಸ ಹುಡುಗರಿಬ್ಬರನ್ನೂ ಮನೆಗೆ ಕಳಿಸಬೇಕಾಗುತ್ತದೆ ಎಂದರು. ಅದರಲ್ಲೊಬ್ಬ ರೀಮಿಯ ಮನೆಯ ಮೇಲಂತಸ್ತಿನಲ್ಲೇ ಇದ್ದ. ಅವನ ಹೆಂಡತಿ ಬಸುರಿ. ರಾತ್ರಿ ಅವಳು ಮಗುವಿನ ತೊಟ್ಟಿಲು ಎಳೆದಾಡುವ ಸದ್ದು ಕೆಳಗೆ ಕೇಳುತ್ತಿತ್ತು. ರೀಮಿ ಮನೆಯಲ್ಲೇ ಕೂತ.

ಒಳ್ಳೆಯತನದಿಂದ ಮಾಡಿದ ಮೋಸಕ್ಕೆ ಲೀಗಿನ ನಿಯಮದಲ್ಲಿ ಬೇರೆ ಶಿಕ್ಷೆಯಿಲ್ಲ.

ಡ್ವೇನ್ ಹೀಗೆ ಹೇಳಿದನೇ ಎಂದು ಇರೀನ್ ಕೇಳಿದಳು.

"ಡ್ವೇನ್ ಅಲ್ಲ. ಡ್ವೇನ್‌ಗೆ ಗೊತ್ತು, ಆದ್ರೆ ಅವ್ನು ಹೇಳಿದ್ದಲ್ಲ. ಫೋನ್ ಬಂತು. ಫೈನಲ್ ತನಕ ಸುಮ್ನೆ ಕೂತ್ಕೊ, ಯಾರೂ ವಿಚಾರಿಸಲ್ಲ ಅಂದ್ರು. ವಿಚಾರಿಸಲೇಬೇಕಾಗಿ ಬಂದ್ರೂ..." ಅವನು ನಿಲ್ಲಿಸಿದ. ಕಿವಿ ಕೆಂಪಾಯಿತು.

"ಬಂದ್ರೂ?"

"ಯಾರಾದ್ರೂ ವಯಸ್ಸಾದವ್ರನ್ನ ಕಳಿಸ್ತಾರೆ. ಕಾಫಿ ಕುಡ್ದು ಪೈ ತಿಂದು ಹೋಗ್ತಾರೆ ಅಂದ್ರು. ಕ್ಷಮಿಸಿ ಮೇಡಂ."

ಇರೀನ್‌ಗೆ ತಾನು ತಿಂದ ಪೆರೋಗಿ, ಜಾಮು, ಸಾಸೇಜ್ ಎಲ್ಲ ನೆನಪಾಯಿತು. ಯಾರು ಫೋನ್ ಮಾಡಿದ್ದು ಎಂದು ಕೇಳಿದಳು. ಹೆಸರು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ ಎಂದ. ಹೆಸರು ಹೇಳಿದರೆ ಶಿಕ್ಷೆ ಈ ಮೋಸ ಮಾಡಿಸಿದವನ ತಲೆಗೆ ಹೋಗುತ್ತದೆ, ಹೇಳದಿದ್ದರೆ ಪೂರಾ ನಿನ್ನ ತಲೆಗೆ ಎಂದು ಬಿಡಿಸಿ ಹೇಳಿದಳು. ಡ್ವೇನ್ ನಿನ್ನನ್ನು ಕಾಯುವುದಿಲ್ಲ ಎಂದಳು. ಅದು ಗೊತ್ತು ಎಂದ.

"ಆ ಮನುಷ್ಯ ನಿನಗೆ ಏನು ಕೊಟ್ಟ ಅಂತ ಇಷ್ಟು ನಿಯತ್ತು?"

"ಶನಿವಾರ ಕೊಟ್ರು" ಎಂದ ರೀಮಿ.

ಇಂಥವರ ಜೊತೆ ಏನು ಮಾಡುವುದು? ನಾಳೆ ಮಧ್ಯಾಹ್ನದೊಳಗೆ ಯೋಚಿಸಿ ಫೋನ್ ಮಾಡು ಎಂದು ಹೇಳಿ ಅವಳು ಎದ್ದಳು. ಚೀಲವನ್ನು ಎದೆಗವಚಿಕೊಂಡು ನಡೆದಾಗ ಅವನು ಓಡಿ ಬಂದ; ಓಡಿಯೇ ಬಂದ, ಇನ್ನು ಕುಂಟುವ ಅಗತ್ಯವಿರಲಿಲ್ಲ. ಚೀಲ ತೆಗೆದುಕೊಳ್ಳಲಿಲ್ಲ. ಭಾರದ ಬಾಗಿಲನ್ನು ಮಾತ್ರ ಬೆನ್ನು ಕೊಟ್ಟು ತೆರೆದು ಹಿಡಿದು, ಮೆಟ್ಟಿಲು ಜಾರುತ್ತದೆ, ನಿಧಾನ ಎಂದ.

ಕೆಫೆಯ ಮುಂದೆ ಅಧ್ಯಕ್ಷ ವೆಂಡಲ್ ಬ್ಲೆಂಕಾರ್ನ್‌ನ ಉದ್ದನೆಯ ಕಪ್ಪು ಕಾರು ನಿಂತಿತ್ತು. ಅವನು ಒಳಗೆ ಪೈ ತಿಂದು, ಆರ್ಡಿತ್‌ಳ ಕೈ ಕುಲುಕಿ, ಹೊರಗೆ ಬರುತ್ತಿದ್ದ. ಬೆಳ್ಳಿ ಕೂದಲು, ಒಳ್ಳೆಯ ಕೋಟು, ಎಲ್ಲರ ಹೆಸರೂ ನೆನಪಿಟ್ಟುಕೊಳ್ಳುವ ಮನುಷ್ಯ. ನಿಮ್ಮ ಕಾರನ್ನು ನಂಬಬೇಡಿ ಇರೀನ್, ನಾನೇ ನಿಮ್ಮನ್ನು ನಗರಕ್ಕೆ ಕರೆದೊಯ್ಯುತ್ತೇನೆ, ದಾರಿಯಲ್ಲಿ ಎಲ್ಲ ಹೇಳಿಬಿಡಿ ಎಂದ. ಹೊರಡಲೆಂದು ಅವಳು ಕಟ್ಟಿಟ್ಟಿದ್ದ ಸೂಟ್‌ಕೇಸ್ ಆಗಲೇ ಮೆಟ್ಟಿಲ ಬಳಿ ಇತ್ತು.

ಎಲ್ಲ ಹೇಳಿಬಿಡಬಹುದು ಎಂದು ಅವಳಿಗೂ ಅನಿಸಿತು. ಅಧ್ಯಕ್ಷನಾದವನು ಮನಸ್ಸು ಮಾಡಿದರೆ ರೀಮಿಯ ಎರಡು ವರ್ಷವನ್ನು ಎರಡು ವಾರ ಮಾಡಬಲ್ಲ. ಫೋನ್ ಮಾಡಿದವನನ್ನು ಹುಡುಕಿಸಬಲ್ಲ.

ವೆಂಡಲ್ ಬಗ್ಗಿ ಸೂಟ್‌ಕೇಸ್ ಎತ್ತಿದ. ಎರಡು ವಾರದ ಬಟ್ಟೆ, ಬೂಟು, ಊರವರು ಕೊಟ್ಟ ಜಾಮಿನ ಬಾಟಲಿಗಳು. ಒಂದೇ ಕೈಯಲ್ಲಿ ಎತ್ತಿ ಡಿಕ್ಕಿಯೊಳಗೆ ಇಟ್ಟ. ಬಾಟಲಿ ಒಡೆಯದಂತೆ ಸುತ್ತ ತನ್ನ ಮಫ್ಲರ್ ಒತ್ತಿದ.

ಎಷ್ಟು ಒಳ್ಳೆಯವನು ಎಂದುಕೊಂಡಳು ಇರೀನ್. ಆಮೇಲೆ, ಯಾಕೋ, ಭಾನುವಾರ ನೆನಪಾಯಿತು.

ಅದರ ಹಿಂದಿನ ದಿನ ಪೂರ್ವ ವಿಭಾಗದ ಬಟ್ಟಲನ್ನು ವೆಂಡಲ್ ತಾನೇ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ, ಉದ್ದದ ಭಾಷಣ ಮಾಡಿ, ಗೆದ್ದವರ ಮುಂದೆ ಇಟ್ಟಿದ್ದ. ಅವಳು ಅದನ್ನು ಕೆಫೆಯ ಟೀವಿಯಲ್ಲಿ ನೋಡುತ್ತಾ ಆಕಳಿಸಿದ್ದಳು. ಭಾನುವಾರ ಇಲ್ಲಿ ಟ್ಯಾಮರಾಕ್‌ನಲ್ಲಿ ಮಾತ್ರ ಬಟ್ಟಲನ್ನು ಮೊದಲೇ ಮೇಜಿನ ಮೇಲೆ ಇಡಿಸಿ, ದೂರದಿಂದ ಕೈ ತೋರಿಸಿದ್ದ. ಬೆನ್ನು ಹಿಡಿದುಕೊಂಡಿದೆ ಎಂದಿದ್ದ.

"ನಿಮ್ಮ ಬೆನ್ನು ಹೇಗಿದೆ ವೆಂಡಲ್?"

"ಬೆನ್ನಾ?" ಡಿಕ್ಕಿ ಮುಚ್ಚುತ್ತಾ ಅವನು ನಕ್ಕ. "ಬೆನ್ನಿಗೇನಾಗಿದೆ?"

ಇರೀನ್ ಚೀಲವನ್ನು ಬಿಚ್ಚಿ, ಬಟ್ಟಲನ್ನು ಹೊರಗೆ ತೆಗೆದು, ಎರಡೂ ಕೈಯಲ್ಲಿ ಅವನತ್ತ ಚಾಚಿದಳು. ದನಿ ತೀರ ಮೆಲ್ಲಗಾಗಿತ್ತು.

"ಕೆತ್ತಿಸೋಕೆ ಬೇಕು ಅಂದಿದ್ರಲ್ಲ. ತಗೊಳ್ಳಿ."

"ಹಿಂದಿನ ಸೀಟಲ್ಲಿಡಿ."

"ಸೀಟ್ ಮೇಲೆ ಉರುಳುತ್ತೆ. ನೀವೇ ಹಿಡ್ಕೊಳ್ಳಿ, ಒಂದು ನಿಮಿಷ."

ಲೀಗಿನ ಅಧ್ಯಕ್ಷ, ಯಾವ ತಂಡದಲ್ಲೂ ಪಾಲಿರಬಾರದ ಮನುಷ್ಯ, ಬಟ್ಟಲಿನ ಕಡೆ ನೋಡಿದ. ಅವಳ ಕಡೆ ನೋಡಿದ. ಅವನ ಮುಖದ ಮೇಲಿನ ನಗು ಹಾಗೇ ಇತ್ತು. ಆಮೇಲೆ, ಚಳಿಯಾಯಿತೇನೋ ಎನ್ನುವಂತೆ, ನಿಧಾನವಾಗಿ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಕೊಂಡ.

"ಹತ್ತಿ ಇರೀನ್" ಎಂದ. "ದಾರಿ ದೂರ ಇದೆ."